ಗೆಳತಿ 15 ದಿನ ಇರಿ ಅಂತಿದ್ದಾಳೆ, ಇರಬಹುದಾ?

ಪ್ರಶ್ನೆ: ನನ್ನ ಕಾಲೇಜಿನ ಗೆಳತಿ ಮತ್ತು ಅವಳ ಗಂಡ ಫ್ರಾನ್ಸಿನ ಡೋರ್ಡೋನ್ ಕಡೆ ಒಂದು ಹಳ್ಳಿಯಲ್ಲಿ ನೆಲೆಸಿದ್ದಾರೆ. ನಾವು ಮುಖಾಮುಖಿ ಸಿಕ್ಕಿ 11 ವರ್ಷವಾಯಿತು. ಬರುವ ಜುಲೈನಲ್ಲಿ ನಾನು, ಗಂಡ, ಇಬ್ಬರು ಮಕ್ಕಳು ಹೊರಟಿದ್ದೇವೆ. '15 ದಿನವೂ ನಮ್ಮಲ್ಲೇ ಇರಿ' ಅಂತ ಅವಳು ಹಟ ಹಿಡಿದಿದ್ದಾಳೆ. ಹೋಟೆಲ್ ಖರ್ಚು ಉಳಿಯಿತು ಅಂತ ನನ್ನ ಗಂಡನಿಗೆ ಖುಷಿ. 15 ವರ್ಷದ ಮಗಳು ಪ್ಯಾರಿಸ್ ಬಿಟ್ಟು ಹಳ್ಳಿಗೆ ಯಾಕೆ ಅಂತ ಮುನಿಸಿಕೊಂಡಿದ್ದಾಳೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಗೆಳತಿಯ ಗಂಡ ಎರಡು ಮಾತಾಡಿ ಎದ್ದು ಹೋದರು. ನಾವು ಅವರಿಗೆ ಹೊರೆ ಆಗುತ್ತೇವಾ? ಕೇಳಿದರೆ ಅವಳಿಗೆ ಬೇಜಾರಾಗಬಹುದು ಅಂತ ಭಯ.

ಉತ್ತರ: ಹೋಗಿ, ಖಂಡಿತ ಹೋಗಿ. 11 ವರ್ಷ ಆದ ಮೇಲೂ ಬಾ ಅಂತ ಹಟ ಹಿಡಿಯುವವರು ಎಷ್ಟು ಜನ ಸಿಗುತ್ತಾರೆ? ಆದರೆ 15 ದಿನ ಅವರ ಮನೆಯಲ್ಲೇ ಬೇಡ. 5 ರಾತ್ರಿ ಸಾಕು.

ನನಗೆ ತುಂಬಾ ಇಷ್ಟದ ಒಬ್ಬ ಗೆಳತಿ ಒಮ್ಮೆ ಮಕ್ಕಳನ್ನು ಕರೆದುಕೊಂಡು ಬಂದು ನಮ್ಮ ಮನೆಯಲ್ಲಿ 12 ದಿನ ಇದ್ದಳು. ಒಂಬತ್ತನೇ ದಿನ ನಾನು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ತಿರುಗಿಸಿ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಐದು ಒದ್ದೆ ಟವೆಲ್, ಒಂದರ ಮೇಲೊಂದು. ಅವಳ ಮೇಲೆ ನನಗೆ ಒಂಚೂರೂ ಕೋಪ ಇರಲಿಲ್ಲ. ನನ್ನ ಮನೆ ಸ್ವಲ್ಪ ಹೊತ್ತು ನನಗೆ ಬೇಕಿತ್ತು, ಅಷ್ಟೇ. ನಿಮ್ಮ ಗೆಳತಿಗೂ ಅಂಥ ದಿನ ಬರಬಹುದು. ಬಂದರೂ ಅವಳು ಬಾಯಿ ಬಿಟ್ಟು ಹೇಳಲ್ಲ.

ಗೆಳತಿಯ ಗಂಡ ಮಾತಾಡದಿದ್ದಕ್ಕೆ ಈಗಲೇ ಅರ್ಥ ಹುಡುಕಬೇಡಿ. ಕ್ಯಾಮೆರಾ ಮುಂದೆ ಮಾತೇ ಹೊರಡದವರು ಎಷ್ಟೋ ಜನ ಇದ್ದಾರೆ.

ಆದರೆ ಕೇಳುವುದನ್ನು ಮುಂದೂಡಬೇಡಿ. ಯಾಕೆ ಅಂದರೆ ಫ್ರಾನ್ಸಿನಲ್ಲಿ ಇದು ಬರೀ ಬಾಯಿಮಾತಿನಲ್ಲಿ ಮುಗಿಯುವ ವಿಷಯ ಅಲ್ಲ. ನೀವು ಹೋಗುವುದು ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅಲ್ವಾ? ಸ್ನೇಹಿತರ ಮನೆಯಲ್ಲಿ ಉಳಿಯುತ್ತೇವೆ ಅಂತ ಅರ್ಜಿಯಲ್ಲಿ ಬರೆದರೆ, ಆ ಮನೆಯವರು ತಮ್ಮ ಊರಿನ ಪುರಸಭೆ ಕಚೇರಿಗೆ ಹೋಗಿ 'ಅಟೆಸ್ಟಾಸ್ಯೋಂ ದಾಕೋಯ್' ಅನ್ನೋ ಪತ್ರ ಮಾಡಿಸಿ, ಅದರ ಮೂಲ ಪ್ರತಿಯನ್ನೇ ನಿಮಗೆ ಕಳಿಸಬೇಕು. ಅದಕ್ಕೆ ಶುಲ್ಕ ಕೊಡಬೇಕು, ಪತ್ರದ ಅರ್ಜಿ ತಿರಸ್ಕಾರವಾದರೂ ಆ ದುಡ್ಡು ವಾಪಸ್ ಬರಲ್ಲ. ಮನೆಯ ದಾಖಲೆ, ಆದಾಯದ ದಾಖಲೆ ತೋರಿಸಬೇಕು, ಇಷ್ಟು ಜನ ಮಲಗಲು ಜಾಗ ಇದೆ ಅಂತ ಹೇಳಬೇಕು. ನಿಮ್ಮ ಕೈಯಲ್ಲಿ ದುಡ್ಡು ಮುಗಿದರೆ ಖರ್ಚು ತಾವು ನೋಡಿಕೊಳ್ಳುತ್ತೇವೆ ಅಂತ ಒಪ್ಪಿ ಸಹಿಯನ್ನೂ ಹಾಕಬೇಕು. ನಿಮ್ಮ ಯಜಮಾನರಿಗೆ ಇದನ್ನು ಹೇಳಿ. ನಿಮಗೆ ಉಳಿಯುವ ಹೋಟೆಲ್ ಖರ್ಚಿನ ಹಿಂದೆ ಅವರಿಬ್ಬರ ಓಡಾಟ ಇದೆ, ಸಹಿ ಇದೆ.

ಉಳಿದ ರಾತ್ರಿಗಳಿಗೆ ಅಲ್ಲೇ ಹತ್ತಿರ ಒಂದು ಮನೆ ಬಾಡಿಗೆಗೆ ತೆಗೆದುಕೊಳ್ಳಿ. ಆ ಕಡೆ ಹಳ್ಳಿಮನೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾರೆ, ಜುಲೈ, ಆಗಸ್ಟ್‌ನಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಬೇಗ ತುಂಬಿಹೋಗುತ್ತವೆ, ಈಗಲೇ ನೋಡಿ. ಆಮೇಲೆ ಊಟಕ್ಕೆ ಒಂದು ದಿನ ಅವರನ್ನೂ ನಿಮ್ಮ ಮನೆಗೆ ಕರೆಯಬಹುದು, ಅದರ ಸಂತೋಷವೇ ಬೇರೆ.

ಕಾರು ಮಾತ್ರ ನಿಮ್ಮದೇ ಇರಲಿ. ಹಳ್ಳಿ ಕಡೆ ಬಸ್ಸು ತೀರಾ ಕಡಿಮೆ, ಕಾರು ಇಲ್ಲದಿದ್ದರೆ ಒಂದು ಬ್ರೆಡ್ ತರಲಿಕ್ಕೂ ಗೆಳತಿಯ ಗಂಡನೇ ನಿಮ್ಮನ್ನು ಕರೆದುಕೊಂಡು ಹೋಗಬೇಕು, ನನ್ನ ಪ್ರಕಾರ ನೆಂಟರಿಂದ ಜಾಸ್ತಿ ಸುಸ್ತಾಗುವುದು ಇದರಲ್ಲೇ. ಹೊರಡುವ ಮುಂಚೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಮೊದಲ ದಿನ ನಿಧಾನ.

ಮಗಳ ಮುನಿಸು ಸುಳ್ಳಲ್ಲ. ಕೊನೆಯ 3 ದಿನ ಪ್ಯಾರಿಸ್‌ಗೆ ಇಡಿ, ಎಲ್ಲಿಗೆ ಹೋಗಬೇಕು ಅಂತ ಅವಳೇ ತೀರ್ಮಾನಿಸಲಿ. ಡೋರ್ಡೋನ್‌ನಲ್ಲಿ ಅವಳನ್ನು ಮೊಂಟಿನ್ಯಾಕ್‌ಗೆ ಕರೆದುಕೊಂಡು ಹೋಗಿ. ಲಾಸ್ಕೋ ಗುಹೆ ಇರುವುದು ಅಲ್ಲೇ. ಸಾವಿರಾರು ವರ್ಷ ಹಿಂದಿನ ಆ ಗುಹಾಚಿತ್ರಗಳನ್ನು 1940ರಲ್ಲಿ ಕಂಡುಹಿಡಿದದ್ದು ಹೆಚ್ಚುಕಮ್ಮಿ ಅವಳದೇ ವಯಸ್ಸಿನ ನಾಲ್ಕು ಹುಡುಗರು. ನೋಡಲು ಬಂದವರ ಉಸಿರಿನಿಂದಲೇ ಚಿತ್ರಗಳು ಹಾಳಾಗತೊಡಗಿ 1963ರಲ್ಲಿ ಗುಹೆ ಮುಚ್ಚಿದರು, ಈಗ ನೋಡಲು ಸಿಗುವುದು ಪಕ್ಕದಲ್ಲಿ ಕಟ್ಟಿರುವ ತದ್ರೂಪು. ಈ ಕಥೆ ಮೊದಲೇ ಹೇಳಿಬಿಡಿ.

ಗೆಳತಿಗೆ ಇವತ್ತೇ ಬರೆಯಿರಿ. ವೀಸಾ ಅರ್ಜಿಯನ್ನು ಹೊರಡುವ 6 ತಿಂಗಳು ಮುಂಚಿನಿಂದಲೇ ಹಾಕಬಹುದು, ಅದಕ್ಕೂ ಮೊದಲು ಅವಳ ಪತ್ರ ನಿಮ್ಮ ಕೈ ಸೇರಬೇಕು. ಹೀಗೆ ಬರೆದರೆ ಸಾಕು: 'ನಿನ್ನ ಜೊತೆ ಕೂತು ಹರಟೆ ಹೊಡೆಯಬೇಕು ಅಂತಲೇ ಇಷ್ಟು ದೂರ ಬರುತ್ತಿದ್ದೇವೆ. ನಿಮ್ಮ ಮನೆಯಲ್ಲಿ 5 ರಾತ್ರಿ, ಉಳಿದ ದಿನ ಹತ್ತಿರದಲ್ಲೇ ಬಾಡಿಗೆ ಮನೆ, ಕೊನೆಯ 3 ದಿನ ಪ್ಯಾರಿಸ್. ಯಾವ 5 ರಾತ್ರಿ ಅನುಕೂಲ ಅಂತ ನೀವಿಬ್ಬರೂ ಕೂತು ಹೇಳಿ, ಪತ್ರದಲ್ಲಿ ಅದೇ ತಾರೀಖು ಹಾಕಿಸೋಣ.'