ಮೇಷ್ಟ್ರು ನಿವೃತ್ತರಾದ ಮೇಲೆ ವಿಜ್ಞಾನವೇ ಬೇಡವೆಂದ ಹುಡುಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ಕಡೆಯ ಪ್ರೌಢಶಾಲೆಯೊಂದರ ಹತ್ತನೇ ತರಗತಿ ಹುಡುಗಿ. ವಿಜ್ಞಾನದಲ್ಲಿ ಸದಾ ಮುಂದಿದ್ದವಳು ಕಿರುಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದುಬಂದಿದ್ದಳು. ಎಂಟನೇ ತರಗತಿಯಿಂದ ಪಾಠ ಮಾಡಿದ್ದ ಮೇಷ್ಟ್ರು ಅರವತ್ತು ತುಂಬಿ ವರ್ಷದ ಮಧ್ಯದಲ್ಲೇ ನಿವೃತ್ತರಾಗಿದ್ದರು. "ಮೇಷ್ಟ್ರು ಹೋದ್ರು ಅಂತ ಪುಸ್ತಕಾನೇ ಮುಚ್ಚಿಟ್ರೆ ಹೆಂಗೆ ಮೇಡಂ?" ಎಂದು, ಆಪ್ತಸಮಾಲೋಚನೆಗೆಂದು ಅವಳನ್ನು ನನ್ನ ಬಳಿ ಕರೆತಂದ ತಂದೆ ಕೇಳಿದರು.

ತಂದೆಯನ್ನು ಹೊರಗೆ ಕೂರಿಸಿ ಮೊದಲು ನಿದ್ದೆ, ಊಟ, ಗೆಳತಿಯರ ಒಡನಾಟ, ಉಳಿದ ವಿಷಯಗಳ ಓದು ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದೆಯೇ, ಆ ಮೇಷ್ಟ್ರ ನಡವಳಿಕೆಯಿಂದ ಎಂದಾದರೂ ಮುಜುಗರವಾಗಿತ್ತೇ ಎಂದೂ ನೇರವಾಗಿ ಕೇಳಿದೆ. ಇವು ಬಿಡಬಾರದ ಪ್ರಶ್ನೆಗಳು. ಎರಡಕ್ಕೂ ಇಲ್ಲವೆಂದಳು. ವಿಜ್ಞಾನವೊಂದನ್ನು ಬಿಟ್ಟು ಎಲ್ಲವೂ ಸರಿಯಾಗಿತ್ತು. ಇದು ಖಿನ್ನತೆಯಲ್ಲ, ಅಗಲಿಕೆಯ ನೋವು. ನಿದ್ದೆ, ಊಟ, ಆಸಕ್ತಿ ಎಲ್ಲವೂ ಎರಡು ವಾರ ಕೆಟ್ಟಿದ್ದರೆ ಮನೋವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎಡವಟ್ಟಾಗಿದ್ದು ಬೀಳ್ಕೊಡುಗೆಯಲ್ಲಿ. ಪೇಟ, ಶಾಲು, ಹಾರ, ಅತಿಥಿಗಳ ಭಾಷಣ. ಮಕ್ಕಳ ಪಾಲಿಗೆ ಚಪ್ಪಾಳೆ ಮಾತ್ರ. ಇವಳು ಬರೆದುಕೊಂಡು ಹೋಗಿದ್ದ ಹಾಳೆ ಬ್ಯಾಗಿನಲ್ಲೇ ಉಳಿಯಿತು. ಲ್ಯಾಬಿನ ಮಸೂರಗಳ ಪೆಟ್ಟಿಗೆ ಇವಳ ಉಸ್ತುವಾರಿಯಲ್ಲಿತ್ತು. ಹೊಸ ಶಿಕ್ಷಕರು ತಿಳಿಯದೆ ಅದನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಗುರುವೂ ಹೋದರು, ತರಗತಿಯಲ್ಲಿದ್ದ ಸ್ಥಾನವೂ ಹೋಯಿತು. "ಹೊಸ ಸರ್‌ಗೆ ಉತ್ತರ ಹೇಳಿದ್ರೆ ಹಳೇ ಸರ್‌ನ ಮರೆತಂಗಾಗುತ್ತೆ" ಎಂದಳು. ಖಾಲಿ ಹಾಳೆಯ ಕಾರಣ ಈ ಮಾತಿನಲ್ಲಿತ್ತು; ಇದನ್ನು ಸೋಮಾರಿತನವೆಂದು ಬೈದರೆ ಗಂಟು ಇನ್ನೂ ಬಿಗಿಯಾಗುತ್ತದೆ.

ಆ ಹಾಳೆಯನ್ನೇ ತಿದ್ದಿ ಬರೆಯಲು ಹೇಳಿದೆ: ಅವರಿಂದ ಕಲಿತ ಒಂದು ನಿರ್ದಿಷ್ಟ ಸಂಗತಿ, ಹೇಳಲಾಗದೆ ಉಳಿದ ಮಾತು, ಮುಂದೆ ತಾನು ಮಾಡುವ ಕೆಲಸ. "ವಾಪಸ್ ಬನ್ನಿ" ಎಂಬುದು ಬೇಡ. ಫೋನ್ ಮಾಡಿ, ತಂದೆಯ ಜೊತೆ ಹೋಗಿ, ಕೈಯಾರೆ ಕೊಟ್ಟು ಅರ್ಧ ಗಂಟೆ ಕೂತು ಬರಬೇಕು. ಮೇಷ್ಟ್ರಿಗೆ ಮುಂಚೆಯೇ ಎರಡು ಕೋರಿಕೆ: "ಹೊಸ ಸರ್ ಹತ್ರ ಕೇಳವ್ವ, ನಂಗೆ ಸಂತೋಷ" ಎಂದು ಬಾಯಿಬಿಟ್ಟು ಹೇಳಬೇಕು, "ಯಾವಾಗ ಬೇಕಾದ್ರೂ ಫೋನ್ ಮಾಡು" ಎನ್ನಬಾರದು. ಹಾಗೆಂದರೆ ಪ್ರತಿ ಸಂದೇಹವೂ ಅವರ ಮನೆಗೇ ಹೋಗುತ್ತದೆ, ತರಗತಿಯಲ್ಲಿ ಮೌನ ಮುಂದುವರಿಯುತ್ತದೆ.

ಹೊಸ ಶಿಕ್ಷಕರು ಪೆಟ್ಟಿಗೆಯನ್ನು ಅವಳಿಗೆ ಮರಳಿಸಿದರು, ಎಂಟನೇ ತರಗತಿಯವರಿಗೆ ಪೀನ ಮಸೂರದ ಸಂಗಮದೂರ ತೋರಿಸುವ ಕೆಲಸವನ್ನೂ ಕೊಟ್ಟರು. ಕಿಟಕಿಯಾಚೆಯ ದೂರದ ಮರದ ಕಡೆ ಮಸೂರ ಹಿಡಿದು, ಮಸೂರದ ಈಚೆ ಬದಿಯಲ್ಲಿ ಬಿಳಿ ಹಾಳೆಯನ್ನು ಹಿಂದೆ ಮುಂದೆ ಸರಿಸಿದರೆ ಮರ ತಲೆಕೆಳಗಾಗಿ ಮೂಡುತ್ತದೆ. ಬಿಂಬ ಚೊಕ್ಕವಾದಾಗ ಮಸೂರದಿಂದ ಹಾಳೆಗಿರುವ ದೂರವೇ ಹೆಚ್ಚುಕಡಿಮೆ ಸಂಗಮದೂರ. ಮರ ಹತ್ತಿರವಿದ್ದರೆ ಅಳತೆ ಹೆಚ್ಚು ಬರುತ್ತದೆ. ಸೂರ್ಯನ ಕಡೆ ಹಿಡಿದರೆ ಹಾಳೆ ಸುಡುತ್ತದೆ. ಕಲಿಸುವವಳಾದಾಗ ಮೇಷ್ಟ್ರನ್ನು ಬಿಟ್ಟುಕೊಟ್ಟ ಭಾವನೆ ಬಾರದು.

ತಂದೆಗೆ ಹೇಳಿದ್ದಿಷ್ಟು: "ಮೇಷ್ಟ್ರಿಗೆ ಎಷ್ಟು ಬೇಜಾರಾಗುತ್ತೆ" ಎಂದು ಚುಚ್ಚಬೇಡಿ. ದಿನಕ್ಕೆ 20 ನಿಮಿಷ ಸಾಕು, ಅದೂ ಹೊಸ ಶಿಕ್ಷಕರು ಶುರುಮಾಡಿದ ಪಾಠದಿಂದ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕದ ಲಿಖಿತ ಪರೀಕ್ಷೆಯ ಜೊತೆ 20 ಅಂಕದ ಆಂತರಿಕ ಮೌಲ್ಯಮಾಪನವೂ ಇದೆ.

ಮೂರನೇ ಭೇಟಿಗೆ ಬಂದವಳು, ಹೊಸ ಸರ್ ಕಿರಣಚಿತ್ರಕ್ಕೆ ಬಾಣದ ಗುರುತು ಹಾಕುವುದಿಲ್ಲವೆಂದು ದೂರಿದಳು. ಪುಸ್ತಕ ತೆರೆದಿತ್ತು. ದೂರನ್ನು ಅವರಿಗೇ ಹೇಳಲು ಕಳಿಸಿದೆ.

ಶಾಲೆಗಳಲ್ಲಿ ನನ್ನ ಕೋರಿಕೆ: ವೇದಿಕೆ ಕಾರ್ಯಕ್ರಮಕ್ಕೆ ಮೊದಲು 20 ನಿಮಿಷ, ಅತಿಥಿಗಳಿಲ್ಲದೆ, ಲ್ಯಾಬಿನಲ್ಲೇ ಮಕ್ಕಳನ್ನೂ ಮೇಷ್ಟ್ರನ್ನೂ ಬಿಡಿ. ಹೊಸ ಶಿಕ್ಷಕರು ಆಗಲೇ ಬಂದಿದ್ದರೆ, ಬೀರುವಿನ ಕೀಲಿಯನ್ನು ಹಳೆಯ ಮೇಷ್ಟ್ರು ಮಕ್ಕಳೆದುರೇ ಅವರ ಕೈಗೆ ಕೊಡಲಿ.