ಬೂದಿ ರೋಗದ ಮೆಣಸಿನಕಾಯಿ

ಹುಬ್ಬಳ್ಳಿಯ ಧೂಳಿನಲ್ಲಿ ತೆಗೆಯುವಂಥದ್ದು ಏನೂ ಕಾಣುವುದಿಲ್ಲ, ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ ಒಳ್ಳೆಯ ಕ್ಯಾಮೆರಾ ಕೊಂಡು ಹಂಪಿಗೆ ಹೋಗಲೇ ಎಂದು ಕೇಳಿದ್ದೀರಿ. ಹಾವೇರಿಯಲ್ಲಿದ್ದಾಗ ನನ್ನ ತಲೆಯಲ್ಲಿಯೂ ಇದೇ ಇತ್ತು. ಕೈಸಾಲ ಮಾಡಿ ಕ್ಯಾಮೆರಾವನ್ನೇನೋ ಕೊಂಡೆ. ಹಂಪಿಗೆ ಹೋಗುವಷ್ಟು ರಜೆ ಸಿಗಲಿಲ್ಲವಾದ್ದರಿಂದ ಹತ್ತಿರದ ಬ್ಯಾಡಗಿಗೆ ಹೋದೆ.

ಮೆಣಸಿನಕಾಯಿಯ ಸುಗ್ಗಿ. ರಾಶಿಗಳ ನಡುವೆ ಹೆಂಗಸರು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತ ಕುಳಿತಿದ್ದರು. ಅವರಲ್ಲಿ ಹಸಿರು ಇಳಕಲ್ ಸೀರೆಯುಟ್ಟ ಒಬ್ಬ ಹಿರಿಯರನ್ನು ಕೇಳಿ, ಆ ಸುಗ್ಗಿಯುದ್ದಕ್ಕೂ ಬಿಡುವಾದಾಗಲೆಲ್ಲ ಹೋಗಿ ಅವರ ಚಿತ್ರ ತೆಗೆದೆ.

ತಪ್ಪಾದದ್ದು ಇಲ್ಲಿ. ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಕಾರ್ಡಿನಲ್ಲಿ ಜಾಗ ಉಳಿಯಲೆಂದು ಜೆಪೆಗ್ ಕಡತಗಳನ್ನು ಮಾತ್ರ ಉಳಿಸುವಂತೆ ಇಟ್ಟಿದ್ದೆ; ಹೀಗೆ ತೆಗೆದ ಈ ಚಿಕ್ಕ ಕಡತಗಳಲ್ಲಿ ಬೂದು ಮಾತ್ರ ಉಳಿಯುತ್ತದೆ, ಮೂಲ ಬಣ್ಣ ಉಳಿಯುವುದಿಲ್ಲ. ಬಣ್ಣ ಬೂದು ಆಗುವಾಗ ಕೆಂಪು, ಹಸಿರು, ನೀಲಿಗಳಿಗೆ ಸಮಪಾಲು ಸಿಗುವುದಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರದಲ್ಲಿ ಹಸಿರಿಗೆ ಶೇ 59, ಕೆಂಪಿಗೆ ಶೇ 30, ನೀಲಿಗೆ ಶೇ 11. ಕೆಂಪಿಗೆ ಪಾಲು ಕಡಿಮೆ; ಹಸಿರಿಗೆ ಪಾಲು ಹೆಚ್ಚಾದರೂ ಸೀರೆಯದು ಹೊಳಪಿಲ್ಲದ ಕಡುಬಣ್ಣ. ಹಾಗಾಗಿ ಗಾಢ ಕೆಂಪಿನ ಕಾಯಿಯೂ ಕಡುಹಸಿರಿನ ಸೀರೆಯೂ ಹೆಚ್ಚುಕಡಿಮೆ ಒಂದೇ ಬೂದಾಗಿ, ಕುಳಿತವರು ಯಾರು, ರಾಶಿ ಯಾವುದು ಎಂಬುದೇ ತಿಳಿಯದಂತಾಯಿತು. ಫಿಲ್ಮಿನ ಕಾಲದಲ್ಲಿ ಮಸೂರದ ಮುಂದೆ ಕೆಂಪು ಗಾಜು ಇಟ್ಟು ಕೆಂಪನ್ನು ಬೆಳ್ಳಗೆ, ಹಸಿರನ್ನು ಕಪ್ಪಗೆ ಮಾಡುತ್ತಿದ್ದರು; ಈಗ ಅದನ್ನೇ ಆಮೇಲೆ ಮಾಡಬಹುದು, ಕಡತದಲ್ಲಿ ಬಣ್ಣ ಉಳಿದಿದ್ದರೆ. ನನ್ನದರಲ್ಲಿ ಉಳಿದಿರಲಿಲ್ಲ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿಯಿಂದ ನಾನು ಬಣ್ಣವನ್ನೇ ಕಿತ್ತು ಎಸೆದಿದ್ದೆ.

ಮುದ್ರಿಸಿ ಒಯ್ದು ಕೊಟ್ಟಾಗ ಆ ತಾಯಿ ಕಾಗದವನ್ನು ಬಿಸಿಲಿಗೆ ಹಿಡಿದು, "ಇವು ಬೂದಿ ರೋಗ ಹತ್ತಿದ ಕಾಯಿ ಇದ್ದಂಗ ಅದಾವಲ್ಲೋ ತಮ್ಮಾ" ಎಂದರು.

ಆದ್ದರಿಂದ ಕ್ಯಾಮೆರಾದ ಮಾತನ್ನು ಬಿಡಿ. ಕೈಯಲ್ಲಿರುವ ಮೊಬೈಲಿನಲ್ಲಿ ಬಣ್ಣದಲ್ಲಿಯೇ ತೆಗೆದು ಆಮೇಲೆ ಬಣ್ಣ ಇಳಿಸಿರಿ. ಹಂಪಿಯನ್ನೂ ಬಿಡಿ, ಅಲ್ಲಿ ನೀವು ತೆಗೆಯುವ ಕಲ್ಲಿನ ರಥವನ್ನು ಎಲ್ಲರೂ ತೆಗೆದಾಗಿದೆ. ಧೂಳಿನ ಬಗ್ಗೆ ನಿಮ್ಮ ದೂರನ್ನಂತೂ ನಾನು ಒಪ್ಪುವುದಿಲ್ಲ. ಬೆಳಿಗ್ಗೆ ನಿಮ್ಮೂರಿನ ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಕಸ ಗುಡಿಸುವ ಹೊತ್ತಿಗೆ ನಿಂತು ನೋಡಿ: ತಾಡಪಾಲಿನ ಹರಕಿನಿಂದ ಇಳಿಯುವ ಬಿಸಿಲಕೋಲು ಕಣ್ಣಿಗೆ ಕಾಣುವುದೇ ಆ ಧೂಳಿನಿಂದ. ಖಾನಾವಳಿಯ ಬುಟ್ಟಿಯಲ್ಲಿನ ಜೋಳದ ರೊಟ್ಟಿಗಳನ್ನು ನೋಡಿ. ಬಿಳಿಯ ಮೈ, ಅಲ್ಲಲ್ಲಿ ಸೀದ ಕಲೆ, ಅಂಚಿನಲ್ಲಿ ಬೆರಳೊತ್ತಿದ ಗುರುತು. ಅದರಲ್ಲಿ ಇಳಿಸಲು ಬಣ್ಣವೇ ಇಲ್ಲ. (ತಟ್ಟಿದವರನ್ನು ಕೇಳಿಯೇ ತೆಗೆಯಿರಿ.)

ಮರುವರ್ಷದ ಸುಗ್ಗಿಗೆ ನಾನು ಮತ್ತೆ ಬ್ಯಾಡಗಿಗೆ ಹೋದೆ. ಈ ಬಾರಿ ಬಣ್ಣವನ್ನು ಉಳಿಸಿಕೊಂಡಿದ್ದರಿಂದ, ಆಮೇಲೆ ಕೆಂಪು ಗಾಜಿನ ಹಾಗೆಯೇ ಬಣ್ಣ ಇಳಿಸಿದಾಗ ಕಾಯಿಗಳು ಬೆಳ್ಳಗೆ ಹೊಳೆದವು, ಸೀರೆ ಕಪ್ಪಾಯಿತು, ಆ ತಾಯಿಯ ಕೈಗಳು ಎರಡರ ನಡುವೆ ಎದ್ದು ಕಂಡವು. ಅದನ್ನೂ ಅದೇ ಚಿತ್ರದ ಬಣ್ಣದ ಪ್ರತಿಯನ್ನೂ ಒಯ್ದು ಅವರ ಮುಂದಿಟ್ಟೆ. ಅವರು ಬಣ್ಣದ್ದನ್ನು ಇಟ್ಟುಕೊಂಡರು.