ಫಾರ್ಮಿನಲ್ಲಿ ಬರೆದ ಒಂದು 'ಇಲ್ಲ'

ಇಲ್ಲಿ ಅವರನ್ನು 'ಕ' ಎನ್ನುತ್ತೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 46. ಗೆಳೆಯನ ಜೊತೆ ಪಾಲುದಾರಿಕೆಯಲ್ಲಿ ಮೋಟಾರು, ಪಂಪು ರಿಪೇರಿ ವರ್ಕ್‌ಶಾಪ್ ನಡೆಸುತ್ತಾರೆ. ನಿದ್ದೆ ಬರುವುದಿಲ್ಲ ಎಂದು ಆಪ್ತ ಸಲಹೆಗೆ ನನ್ನ ಬಳಿ ಬಂದಿದ್ದರು.

ಮೊದಲ ಭೇಟಿಯಲ್ಲೇ ಒಂದು ದಪ್ಪ ಫೈಲನ್ನು ಮೇಜಿನ ಮೇಲಿಟ್ಟರು. ಒಳಗೆ ಏಳು ಪಾಲಿಸಿ. "ಇಷ್ಟೆಲ್ಲ ಮಾಡಿಸಿದ್ದೀನಿ ಮೇಡಂ. ಆದ್ರೂ ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ. ಏನೋ ಬಿಟ್ಟುಹೋಗಿದೆ ಅನ್ಸುತ್ತೆ." ದುಡ್ಡೆಲ್ಲ ಕಂತಿಗೇ ಹೋಗುತ್ತಿದೆ ಎಂದು ಮನೆಯಲ್ಲಿ ಜಗಳ ಬೇರೆ.

ಎರಡು ಭೇಟಿ ಹೀಗೇ ಕಳೆಯಿತು. ಮೂರನೆಯದರಲ್ಲಿ, ಎದ್ದು ಹೊರಡುವ ಹೊತ್ತಿಗೆ, ವಿಷಯ ಹೊರಬಂತು. (ಮುಖ್ಯವಾದ ಮಾತು ಬಾಗಿಲ ಹತ್ತಿರವೇ ಬರುವುದು ಜಾಸ್ತಿ!) ಅವರಿಗೆ ಐದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನಡೆಯುತ್ತಿದೆ. ಎರಡು ವರ್ಷದ ಹಿಂದೆ ದೊಡ್ಡ ಮೊತ್ತದ ಜೀವ ವಿಮೆ ಮಾಡಿಸುವಾಗ ಫಾರ್ಮಿನಲ್ಲಿ ಆ ಪ್ರಶ್ನೆ ಇತ್ತು. "ಸುಮ್ನೆ 'ಇಲ್ಲ' ಅಂತ ಬರೀರಿ, ಇಲ್ಲಾಂದ್ರೆ ಕಂತು ಜಾಸ್ತಿ ಆಗುತ್ತೆ" ಅಂದರಂತೆ ಮಾಡಿಸಿದ ಏಜೆಂಟರು. ಇವರು ಬರೆದರು.

"ಚಿಂತೆ ಬಿಡಿ" ಎಂದು ನಾನು ಹೇಳಲಿಲ್ಲ. ಅವರ ಭಯ ಸರಿಯಾಗಿಯೇ ಇತ್ತು. ವಿಮೆ ನಿಂತಿರುವುದೇ ನಾವು ಹೇಳಿದ ಮಾತಿನ ಮೇಲೆ. ನಮ್ಮ ಆರೋಗ್ಯ ಹೇಗಿದೆ ಎಂದು ಕಂಪನಿ ಹೆಚ್ಚಾಗಿ ನಮ್ಮ ಬಾಯಿಂದಲೇ ತಿಳಿಯಬೇಕು. ಪಾಲಿಸಿ ಶುರುವಾದ ಮೂರು ವರ್ಷದೊಳಗೆ, ಮುಚ್ಚಿಟ್ಟಿದ್ದು ಕ್ಲೇಮಿನ ಹೊತ್ತಿಗೆ ಗೊತ್ತಾದರೆ ಹಣ ತಡೆಹಿಡಿಯಬಹುದು, ಪೂರ್ತಿ ನಿರಾಕರಿಸಲೂಬಹುದು. ಆಗ ಉತ್ತರ ಕೊಡಲು ಇವರು ಇರುವುದಿಲ್ಲ. ಹಳೇ ಔಷಧಿ ಚೀಟಿಗಳನ್ನು ಹಿಡಿದು ಅಲೆಯುವವರು ಹೆಂಡತಿ. ಒಂದು 'ಇಲ್ಲ'ದ ಮೇಲೆ ಕೂತು ಆರು ಬೇರೆ ಪಾಲಿಸಿ ಕೊಂಡಿದ್ದರು, ಪಾಪ.

ನನ್ನ ಸಲಹೆ ನೇರವಾಗಿತ್ತು. ಮೊದಲು ಮನೆಯವರಿಗೆ ಹೇಳಿ. ಆಮೇಲೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಅವರು ಕಂತು ಏರಿಸಬಹುದು, ಷರತ್ತು ಹಾಕಬಹುದು, ಪಾಲಿಸಿ ರದ್ದು ಕೂಡ ಮಾಡಬಹುದು. ಬೇರೆ ವಿಮೆ ಹುಡುಕುವುದಾದರೆ ಹೊಸದು ಕೈಗೆ ಬರುವ ತನಕ ನೀವಾಗಿ ಹಳೆಯದರ ಕಂತು ನಿಲ್ಲಿಸಬೇಡಿ.

ನಂತರ ಫೈಲು ಬಿಚ್ಚಿದೆವು. ಲೆಕ್ಕದ ಕೆಲಸ ನನ್ನದಲ್ಲ, ಅದಕ್ಕೆ ಕಮಿಷನ್ ಮೇಲೆ ಬದುಕದ ವಿಮಾ ಸಲಹೆಗಾರರನ್ನೇ ಕಾಣಲು ಹೇಳಿದೆ. ಆದರೆ ಒಂದು ಪ್ರಶ್ನೆಯನ್ನು ನಾನೂ ಕೇಳಬಹುದಲ್ವಾ: ಏನಾದರೆ ನಿಮ್ಮ ಮನೆ ನಿಂತುಹೋಗುತ್ತದೆ? ಫೋನಿಗೆ, ಟೀವಿಗೆ ವಿಮೆ ಇತ್ತು. ಅವು ಹೋದರೆ ಒಂದು ತಿಂಗಳು ಕೈ ಬಿಗಿಯಾಗುತ್ತದೆ, ಅಷ್ಟೇ. ಕೈ ಮುರಿದು ಆರು ತಿಂಗಳು ಕೂತರೆ? ಅದಕ್ಕೆ ಏನೂ ಇರಲಿಲ್ಲ.

ವರ್ಕ್‌ಶಾಪಿಗೆ ಬೆಂಕಿ ವಿಮೆ ಇತ್ತು. ಮೊತ್ತ ಮಾತ್ರ ಎಂಟು ವರ್ಷ ಹಿಂದಿನದು. 100 ಬೆಲೆಯ ಸ್ವತ್ತಿಗೆ 40ರ ವಿಮೆ ಇದೆ, ಬೆಂಕಿಯಲ್ಲಿ 50ರಷ್ಟು ಸುಟ್ಟಿತು ಎಂದುಕೊಳ್ಳಿ. 40 ಸಿಗುತ್ತದೆ ಎಂದು ಅವರು ನಂಬಿದ್ದರು. ಸರಾಸರಿ ಷರತ್ತು (ಸ್ವತ್ತಿನ ಬೆಲೆಗಿಂತ ವಿಮೆ ಎಷ್ಟು ಪಾಲು ಕಡಿಮೆಯೋ, ನಷ್ಟದ ಹಣವನ್ನೂ ಅಷ್ಟೇ ಪಾಲು ಕಡಿತ ಮಾಡುವ ನಿಯಮ) ಇರುವ ಪಾಲಿಸಿಯಲ್ಲಿ ಸಿಗುವುದು 20. ಉಳಿದ 60 ಪಾಲಿನ ಅಪಾಯ ನೀವೇ ಹೊತ್ತಿದ್ದಿರಿ ಎಂದು ಕಂಪನಿ ಲೆಕ್ಕ ಹಾಕುತ್ತದೆ. ರಿಪೇರಿಗೆ ಬಂದ ಗಿರಾಕಿಗಳ ಮೋಟಾರುಗಳು ಆ ಪಾಲಿಸಿಯಲ್ಲಿ ಸೇರಿರಲೇ ಇಲ್ಲ. ಅವು ಇವರ ಸ್ವತ್ತಲ್ಲ, ಹೊಣೆ ಮಾತ್ರ ಇವರದು.

ಪಾಲುದಾರ ತೀರಿಕೊಂಡರೆ? ಆ ಪಾಲು ಅವರ ಮನೆಯವರಿಗೆ ಹೋಗುತ್ತದೆ, ಅವರು ಹಣ ಕೇಳುತ್ತಾರೆ. ಒಬ್ಬರ ಜೀವದ ಮೇಲೆ ಇನ್ನೊಬ್ಬರು ವಿಮೆ ಮಾಡಿಸಿ, ಆ ಹಣದಲ್ಲಿ ಪಾಲು ಕೊಳ್ಳುವ ಕರಾರು ಮೊದಲೇ ಬರೆದಿಡುವುದು ಇಂಥ ಕಡೆ ರೂಢಿ. ವರ್ಕ್‌ಶಾಪಿನ ಸಾಲಕ್ಕೆ ಅಡ ಇಟ್ಟಿದ್ದು ಕ ಅವರ ಮನೆಯನ್ನು. ವ್ಯಾಪಾರದ ಅಪಾಯ, ಮನೆಯ ಅಪಾಯ ಎಂದು ಬೇರೆ ಬೇರೆ ಫೈಲು ಮಾಡಿ ಪ್ರಯೋಜನವಿಲ್ಲ, ಸಾಲದ ಪತ್ರದಲ್ಲಿ ಎರಡೂ ಒಂದೇ ಆಗಿದ್ದವು.

ಎರಡು ತಿಂಗಳ ನಂತರ ದಂಪತಿ ಒಟ್ಟಿಗೆ ಬಂದರು. ಮಾತ್ರೆಯ ವಿಷಯ ಹೆಂಡತಿಗೆ ಮೊದಲಿನಿಂದ ಗೊತ್ತಿತ್ತು, ಫಾರ್ಮಿನದು ಗೊತ್ತಿರಲಿಲ್ಲ. ಕೇಳಿದ ರಾತ್ರಿಯೇ ಅವರನ್ನು ಕೂರಿಸಿ ಪತ್ರ ಬರೆಸಿದರಂತೆ. ಕಂಪನಿ ಪರೀಕ್ಷೆ ಮಾಡಿಸಿ, ಕಂತು ಏರಿಸಿ, ಪಾಲಿಸಿ ಮುಂದುವರಿಸಿತು. ಮೂರು ಸಣ್ಣ ಪಾಲಿಸಿ ಬಿಟ್ಟಿದ್ದರಿಂದ ಒಟ್ಟು ಖರ್ಚು ಹೆಚ್ಚಾಗಲಿಲ್ಲ. ಪಾಲುದಾರ ಮಾತ್ರ "ಸಾಯೋ ಮಾತು ಈಗ್ಯಾಕೆ?" ಎಂದು ಕರಾರನ್ನು ಮುಂದೂಡುತ್ತಲೇ ಇದ್ದಾರೆ.

"ಎರಡು ಗಂಟೆಗೆ ಈಗಲೂ ಎಚ್ಚರ ಆಗುತ್ತೆ," ಎಂದರು ಕ. "ನೀರು ಕುಡಿದು ಮಲಗ್ತೀನಿ."